ಕಟ್ಟಿ ಹಾಕಿದ ಮೇಲೆ ಎಂಥ ಸ್ವರಕ್ಷಣೆ?



ಈ ಸಲ ಪಠ್ಯಪುಸ್ತಕ ತಡವಾದದ್ದು, ಖಾಲಿ ಹುದ್ದೆ, ಪಟಸಂಖ್ಯೆ ಯಾವುದನ್ನೂ ಬರೆಯುವುದಿಲ್ಲ. ಒಂದು ಹಗ್ಗದ ಬಗ್ಗೆ ಬರೆಯುತ್ತೇನೆ. ನಮ್ಮ ಶಾಲೆಯ ಹಗ್ಗ ಜಗ್ಗಾಟದ ಹಗ್ಗ.

ಕಳೆದ ಬೇಸಿಗೆಯಲ್ಲಿ ನಮ್ಮ ಜತ್ತ ತಾಲೂಕಿನ ಒಂದು ವಸ್ತಿಯಲ್ಲಿ ರಾತ್ರಿ ಒಂದೂವರೆ ಸುಮಾರಿಗೆ ನಾಯಿಗಳು ಬೊಗಳಿದವು. ಅದಕ್ಕೂ ಹಿಂದಿನ ವಾರ ಬಾವಿ ದಂಡೆಯ ಮೋಟಾರುಗಳ ಕೇಬಲ್ ಕಳುವಾಗಿತ್ತು, ಎರಡು ಆಡು ಹೋಗಿದ್ದವು. ಹುಡುಗರು ಪಾಳಿ ಹಚ್ಚಿ ಗಸ್ತಿ ತಿರುಗುತ್ತಿದ್ದರು. ಕಣಿಕೆ ಬಣವೆಯ ಹಿಂದೆ ಒಬ್ಬ ಮನುಷ್ಯ ಸಿಕ್ಕ. ಓಡಲಿಲ್ಲ. ಕೈಯಲ್ಲಿ ಏನೂ ಇರಲಿಲ್ಲ. ಹೆಸರೇನು ಅಂತ ಕನ್ನಡದಲ್ಲಿ ಕೇಳಿದರು, ಮರಾಠಿಯಲ್ಲಿ ಕೇಳಿದರು, ಹಿಂದಿಯಲ್ಲೂ ಕೇಳಿದರು. ಆತ ಏನೋ ಬಡಬಡಿಸಿದ, ಯಾರಿಗೂ ತಿಳಿಯಲಿಲ್ಲ. ಶಾಲೆಯ ಕೀಲಿ ಇಟ್ಟುಕೊಂಡಿದ್ದ ಮನೆಯ ಹುಡುಗ ಓಡಿಹೋಗಿ ಹಗ್ಗ ತಂದ. ಬೇವಿನ ಗಿಡಕ್ಕೆ ಕಟ್ಟಿದರು. ಬೆಳಗು ಹರಿಯುವ ತನಕ ಬಡಿದರು. ಪೊಲೀಸ್ ಪಾಟೀಲರಿಗೆ ಸುದ್ದಿ ಮುಟ್ಟಿದ್ದು ಆರು ಗಂಟೆಗೆ.

ಆ ಮನುಷ್ಯ ಸತ್ತಿಲ್ಲ. ಎಡಗೈ ಮುರಿದಿದೆ, ಎರಡು ಪಕ್ಕೆಲುಬು ಮುರಿದಿವೆ. ಆಮೇಲೆ ತಿಳಿಯಿತು, ಆತ ತೆಲುಗು ಸೀಮೆಯವ, ತಲೆ ಸರಿಯಿಲ್ಲ, ಮನೆಯಿಂದ ತಪ್ಪಿಸಿಕೊಂಡು ಯಾವುದೋ ರೈಲು ಹತ್ತಿ ಬಂದಿದ್ದ. ಮನೆಯವರು ಹದಿನೈದು ದಿನದಿಂದ ಹುಡುಕುತ್ತಿದ್ದರಂತೆ. ಕೇಬಲ್ ಕದ್ದವರು ಇವತ್ತಿಗೂ ಸಿಕ್ಕಿಲ್ಲ.

ಸೋಮವಾರ ಒಂಬತ್ತನೆಯ ವರ್ಗಕ್ಕೆ ಹೋದರೆ ಹುಡುಗರ ಗುಂಪಿನಲ್ಲಿ ಒಂದು ಮೊಬೈಲು. ಅದರಲ್ಲಿ ಆ ರಾತ್ರಿಯ ವಿಡಿಯೋ. ಟಾರ್ಚ್ ಹಿಡಿದವನು ನನ್ನದೇ ವಿದ್ಯಾರ್ಥಿ, ವ್ಯಾಕರಣದಲ್ಲಿ ಒಂದು ತಪ್ಪೂ ಮಾಡದ ಹುಡುಗ. ನಾನು ಬೈದೆ. ಆಗ ಅವನು ಹೆದರದೇ ಹೇಳಿದ: “ಗುರೂಜಿ, ನಮ್ಮ ಮನಿ ನಾವು ಕಾಯ್ಕೊಳ್ಳಾಕ ಕಾಯ್ದಾನ ಐತ್ರಿ. ರಾತ್ರಿ ಬಂದಾಂವನ್ನ ಕೊಂದ್ರೂ ಕೇಸಿಲ್ಲಂತ.” ಯಾರು ಹೇಳಿದರು ಅಂತ ಕೇಳಿದೆ. “ಎಲ್ಲಾರೂ ಹೇಳತಾರ್ರಿ.” ಸಂಜೆ ಅವನ ಅಪ್ಪನನ್ನು ಕಂಡೆ. ಅಪ್ಪನ ಮಾತೂ ಅದೇ, ಜೊತೆಗೆ ಇನ್ನೊಂದು: “ಸಿಕ್ಕ ಕಳ್ಳನ್ನ ಹಂಗ ಬಿಡೂದ್ ಹ್ಯಾಂಗ್ರಿ ಗುರೂಜಿ?”

ಈ “ಎಲ್ಲಾರೂ ಹೇಳತಾರ” ಎಂಬ ಕಾಯ್ದೆಯ ಮೇಲೆಯೇ ನನ್ನ ಜಗಳ. ಇದು ಅರ್ಧ ನಿಜ. ಪೂರ್ತಿ ಸುಳ್ಳಾಗಿದ್ದರೆ ಒಂದೇ ಮಾತಿನಲ್ಲಿ ಅಲ್ಲಗಳೆಯಬಹುದಿತ್ತು. ಅರ್ಧ ನಿಜಕ್ಕೆ ಪೂರ್ತಿ ಪಾಠವೇ ಬೇಕಾಗುತ್ತದೆ.

ಮೊದಲು ನಿಜವಾದ ಅರ್ಧ. ಮನೆ ಕಾಯುವವನಿಗೆ ನಮ್ಮ ಕಾಯ್ದೆ ಕೊಟ್ಟಿರುವ ಬಲ ಸಣ್ಣದಲ್ಲ. 1860ರ ಭಾರತೀಯ ದಂಡ ಸಂಹಿತೆಯ 96ರಿಂದ 106ರ ತನಕದ ಕಲಂಗಳು ಖಾಸಗಿ ರಕ್ಷಣೆಯ ಹಕ್ಕಿಗೆ ಮೀಸಲಾಗಿದ್ದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವೇ 34ರಿಂದ 44 ಆಗಿವೆ. ನಂಬರು ಬದಲಾಗಿದೆ, ತಿರುಳು ಹೆಚ್ಚು ಬದಲಾಗಿಲ್ಲ. ಇದರ ಮೊದಲ ಕರಡು ಬರೆದದ್ದು 1837ರಲ್ಲಿ ಮೆಕಾಲೆಯ ಆಯೋಗ. ಈ ದೇಶದ ಜನ ದರೋಡೆಕೋರರ ಮುಂದೆ ಸುಮ್ಮನೆ ಸಹಿಸಿಕೊಂಡು ನಿಲ್ಲುತ್ತಾರೆ, ಇವರಿಗೆ ಇನ್ನಷ್ಟು ಕಟ್ಟುಪಾಡು ಹಾಕುವ ಬದಲು ಧೈರ್ಯ ತುಂಬಬೇಕು ಎಂಬುದು ಅವರ ವಿಚಾರವಾಗಿತ್ತು. (ಮೆಕಾಲೆಯ ಮೇಲೆ ನಮ್ಮಂಥ ಮಾತೃಭಾಷಾ ಮಾಧ್ಯಮದವರಿಗೆ ಬೇರೆಯೇ ಸಿಟ್ಟಿದೆ. ಅದು ಇನ್ನೊಂದು ದಿನದ ಮಾತು!)

ಹಾಗಾಗಿ ಈ ಹಕ್ಕು ಅಗಲವಾಗಿಯೇ ಇದೆ. ನಿಮ್ಮ ಮೈ ಮಾತ್ರವಲ್ಲ, ಬೇರೆಯವರ ಮೈಯನ್ನೂ ಕಾಯಬಹುದು. ನಿಮ್ಮ ಆಸ್ತಿಯಂತೆ ನೆರೆಯವರ ಆಸ್ತಿಯನ್ನೂ ಕಾಯಬಹುದು. ಏಟು ಬೀಳುವ ತನಕ ಕಾಯಬೇಕಿಲ್ಲ. ಅಪಾಯ ಬಂತೆಂದು ಸಕಾರಣವಾದ ಭಯ ಹುಟ್ಟಿದ ಗಳಿಗೆಯಿಂದಲೇ ಹಕ್ಕು ಶುರುವಾಗುತ್ತದೆ. ದರೋಡೆ, ಸೂರ್ಯ ಮುಳುಗಿದ ಮೇಲೆ ಹುಟ್ಟುವ ಮುಂಚೆ ಮನೆಗೆ ಕನ್ನ ಹಾಕುವುದು, ಮನೆಗೆ ಬೆಂಕಿ ಹಚ್ಚುವುದು, ಪ್ರಾಣಕ್ಕೋ ಭಾರಿ ಗಾಯಕ್ಕೋ ಹೆದರಬೇಕಾದಂಥ ರೀತಿಯ ಕಳವು ಅಥವಾ ಮನೆ ನುಗ್ಗುವಿಕೆ ಇದ್ದಲ್ಲಿ, ಅಗತ್ಯ ಬಿದ್ದರೆ ಎದುರಿನವನ ಸಾವಿನ ತನಕವೂ ಹಕ್ಕು ಚಾಚುತ್ತದೆ. ಹಳೆಯ 103ನೆಯ ಕಲಂ, ಹೊಸ 41. “ರಾತ್ರಿ ಬಂದವನನ್ನು ಕೊಂದರೂ ಕೇಸಿಲ್ಲ” ಎಂಬ ಮಾತು ಹುಟ್ಟಿದ್ದು ಇಲ್ಲಿಂದ.

2010ರಲ್ಲಿ ದರ್ಶನ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಹಕ್ಕಿನ ಸೂತ್ರಗಳನ್ನು ಒಂದೆಡೆ ಕೂಡಿಸಿ ಹೇಳಿದೆ. ಮೈಮೇಲೆ ಅಪಾಯ ಬಂದಾಗ ಹೇಡಿಯಂತೆ ಓಡಿಹೋಗು ಎಂದು ಕಾಯ್ದೆ ಯಾರಿಗೂ ಹೇಳುವುದಿಲ್ಲ. ಆ ಗಾಬರಿಯಲ್ಲಿ ಏಟನ್ನು ತಕ್ಕಡಿಯಲ್ಲಿ ತೂಗಿ ಹಾಕು ಎಂದೂ ಹೇಳುವುದಿಲ್ಲ. ಹೊಲದ ನಡುವೆ ಒಂಟಿ ಮನೆ ಕಟ್ಟಿಕೊಂಡು, ಹತ್ತಿರದ ಠಾಣೆಗೆ ಹತ್ತಾರು ಕಿಲೋಮೀಟರು ದೂರದಲ್ಲಿ ಮಕ್ಕಳು ಮರಿ ಕಟ್ಟಿಕೊಂಡು ಮಲಗುವ ನಮ್ಮ ಜನಕ್ಕೆ ಇದು ಗೊತ್ತಿರಬೇಕು. ಬಾಗಿಲು ಮುರಿದು ಒಳಬಂದವನಿಗೆ ಬಡಿಗೆ ಎತ್ತಲು ಹೆದರಿ, ಹೊಡೆದರೆ ನನ್ನ ಮೇಲೇ ಕೇಸಾದೀತು ಅಂತ ಮೂಲೆಯಲ್ಲಿ ಕೂತ ಮುದುಕರನ್ನು ನಾನು ಕಂಡಿದ್ದೇನೆ. ಆ ಹೆದರಿಕೆಯೂ ಅಜ್ಞಾನವೇ.

ಈಗ ಯಾರೂ ಹೇಳದ ಅರ್ಧ.

ಕನ್ನ ಎಂಬುದಕ್ಕೆ ಕಾಯ್ದೆಯಲ್ಲಿ ಅರ್ಥವಿದೆ. ಗೋಡೆ ಕೊರೆದು, ಗೋಡೆ ಹತ್ತಿ, ಕೀಲಿ ತೆಗೆದು, ಹಾಕಿದ ಬಾಗಿಲು ತೆರೆದು, ಬಲ ಪ್ರಯೋಗ ಮಾಡಿ ಒಳಗೆ ಬಂದರೆ ಕನ್ನ. ತೆರೆದ ಬಾಗಿಲಲ್ಲಿ ಬಂದು ಚೊಂಬು ಎತ್ತಿಕೊಂಡವನು ಕಳ್ಳ, ಆದರೆ ಕನ್ನಗಳ್ಳನಲ್ಲ. ಬಾವಿ ದಂಡೆಯ ಕೇಬಲ್ ಕೊಯ್ದವನೂ ಅಲ್ಲ, ತೋಟದ ದಾಳಿಂಬೆ ಕಿತ್ತವನೂ ಅಲ್ಲ, ಬಯಲಲ್ಲಿ ಕಟ್ಟಿದ ಆಡು ಬಿಚ್ಚಿಕೊಂಡವನೂ ಅಲ್ಲ. ಇಂಥ ಸಾದಾ ಕಳವಿನಲ್ಲಿ ನಿಮ್ಮ ವಸ್ತು ಉಳಿಸಿಕೊಳ್ಳಲು ಬಲ ಬಳಸಬಹುದು, ಆದರೆ ಪ್ರಾಣ ತೆಗೆಯುವ ಹಕ್ಕಿಲ್ಲ. ನಮ್ಮಲ್ಲಿ ನಡೆಯುವ ಕಳವು ಹೆಚ್ಚಾಗಿ ಎಂಥವು? ಇಂಥವೇ! ಹಾಗಾದರೆ “ಕೊಂದರೂ ಕೇಸಿಲ್ಲ” ಎಂಬ ಮಾತು ನಮ್ಮ ಹತ್ತರಲ್ಲಿ ಒಂಬತ್ತು ರಾತ್ರಿಗಳಿಗೆ ಅನ್ವಯಿಸುವುದೇ ಇಲ್ಲ.

ಇದಕ್ಕಿಂತ ದೊಡ್ಡದು ಹಳೆಯ 99ನೆಯ ಕಲಂ, ಈಗಿನ 37. ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕಿಲ್ಲ. ಸರಕಾರಿ ರಕ್ಷಣೆ ಪಡೆಯಲು ಸಮಯವಿದ್ದಾಗ ಹಕ್ಕೇ ಇಲ್ಲ. ಅಪಾಯ ಮುಗಿದ ಕ್ಷಣ ಹಕ್ಕೂ ಮುಗಿಯಿತು. ಕನ್ನ ಹಾಕಿದವನು ಒಳಗೆ ಇರುವ ತನಕ ಹಕ್ಕು, ಆತ ಓಡಿ ಹೊರಬಿದ್ದ ಮೇಲೆ ಬೆನ್ನಟ್ಟಿ ತಲೆ ಒಡೆದರೆ ಅದು ರಕ್ಷಣೆಯಲ್ಲ, ಸೇಡು. ಸುಪ್ರೀಂ ಕೋರ್ಟಿನ ಸೂತ್ರಗಳಲ್ಲೂ ಸೇಡಿಗೆ ಜಾಗವಿಲ್ಲ. ಒಳ್ಳೆಯ ನಂಬಿಕೆಯಿಂದಲೇ ಹಕ್ಕು ಮೀರಿ ಕೊಂದಿದ್ದರೆ ಅದು ಕೊಲೆ ಎನಿಸದೇ ಹೋಗಬಹುದು, ಆದರೆ ಕೊಲೆಯಲ್ಲದ ನರಹತ್ಯೆಗೂ ಹತ್ತು ವರ್ಷದ ತನಕ, ಕೆಲವು ಸಲ ಜೀವಾವಧಿಯ ತನಕ ಶಿಕ್ಷೆ ಇದೆ.

ಈಗ ಆ ಬೇವಿನ ಗಿಡದ ಹತ್ತಿರ ಬನ್ನಿ. ಮೂವತ್ತು ಜನ. ಒಬ್ಬ ಮನುಷ್ಯ. ಎರಡು ಕೈ ಹಿಂದಕ್ಕೆ ಕಟ್ಟಿವೆ. ಯಾರ ಮನೆಗೆ ಯಾವ ಅಪಾಯ? ಯಾರ ಮೈಗೆ? ಹುಚ್ಚನ ವಿರುದ್ಧವೂ ರಕ್ಷಣೆಯ ಹಕ್ಕಿದೆಯಲ್ಲ ಅಂತ ಒಬ್ಬ ಓದಿಕೊಂಡವರು ನನಗೆ ವಾದ ಹಾಕಿದರು. ಇದೆ, ಅವನು ಮೈಮೇಲೆ ಬಂದರೆ! ಗಿಡಕ್ಕೆ ಕಟ್ಟಿದವನು ಯಾರ ಮೈಮೇಲೆ ಬರುತ್ತಾನೆ? ಕಾಯ್ದೆಯ ಪುಸ್ತಕ ಬಿಡಿಸಿಟ್ಟುಕೊಂಡು ನೋಡಿದರೆ, ಆ ರಾತ್ರಿ ಆ ವಸ್ತಿಯಲ್ಲಿ ಖಾಸಗಿ ರಕ್ಷಣೆಯ ಹಕ್ಕು ಇದ್ದದ್ದು ಒಬ್ಬನಿಗೇ. ಕಟ್ಟಿಸಿಕೊಂಡವನಿಗೆ. ಅವನ ಪರವಾಗಿ ಯಾವ ಹೆಣ್ಣುಮಗಳಾದರೂ ಯಾವ ಮುದುಕನಾದರೂ ಅಡ್ಡ ಬಂದು ಬಡಿಗೆ ಹಿಡಿದು ನಿಲ್ಲಿಸಿದ್ದರೆ, ಬೇರೆಯವರ ಮೈ ಕಾಯುವ ಹಕ್ಕು ಅವರ ಬೆನ್ನಿಗಿತ್ತು. ಯಾರೂ ಬರಲಿಲ್ಲ.

ನಾವು ಪೊಲೀಸರಿಗೆ ಒಪ್ಪಿಸಿದೆವಲ್ಲ ಅನ್ನುತ್ತಾರೆ. ಸಾಮಾನ್ಯ ಮನುಷ್ಯನೂ ಅಪರಾಧಿಯನ್ನು ಹಿಡಿಯಬಹುದು, ನಿಜ. ಆದರೆ ಯಾವಾಗ? ತನ್ನ ಕಣ್ಣೆದುರಿಗೆ ಜಾಮೀನು ಸಿಗದಂಥ, ಪೊಲೀಸರು ನೇರ ಕೈಗೆತ್ತಿಕೊಳ್ಳುವಂಥ ಅಪರಾಧ ನಡೆದಾಗ, ಇಲ್ಲವೇ ಆತ ಘೋಷಿತ ಅಪರಾಧಿಯಾಗಿದ್ದಾಗ. ಬಣವೆಯ ಹಿಂದೆ ಬರಿಗೈಯಲ್ಲಿ ನಿಂತದ್ದು ಯಾವ ಕಲಮಿನ ಅಪರಾಧ? ಹೊಸ ನಾಗರಿಕ ಸುರಕ್ಷಾ ಸಂಹಿತೆಯ 40ನೆಯ ಕಲಂ ಪ್ರಕಾರ ಹಾಗೆ ಹಿಡಿದವನನ್ನು ವೃಥಾ ತಡಮಾಡದೆ, ಎಷ್ಟೇ ಆದರೂ ಆರು ತಾಸಿನೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಇದನ್ನು ಕೇಳಿ ಒಬ್ಬ ಯುವಕ ಸಮಾಧಾನದಿಂದ ಲೆಕ್ಕ ಹಾಕಿದ: “ನಾವು ನಾಲ್ಕೂವರಿ ತಾಸಿನ್ಯಾಗ ಕೊಟ್ಟೇವಲ್ರಿ!” ಅಯ್ಯಾ, ಆ ಆರು ತಾಸು ಠಾಣೆಗೆ ಮುಟ್ಟಿಸಲು ಕೊಟ್ಟದ್ದು, ಬಡಿಯಲು ಕೊಟ್ಟದ್ದಲ್ಲ.

ಇನ್ನೊಂದು ವಾದ ಎಲ್ಲರ ಬಾಯಲ್ಲೂ ಇದೆ. ಪೊಲೀಸರು ಬರುವುದಿಲ್ಲ, ಬಂದರೂ ಕಳ್ಳನನ್ನು ಬಿಟ್ಟುಬಿಡುತ್ತಾರೆ. ಈ ದೂರನ್ನು ನಾನು ಸುಳ್ಳು ಅನ್ನುವುದಿಲ್ಲ. ಕೇಬಲ್ ಕಳವಿನ ಫಿರ್ಯಾದಿ ಕೊಡಲು ಹೋದವರು ಮೂರು ಸಲ ತಿರುಗಾಡಿದ್ದು ನನಗೆ ಗೊತ್ತು. ಸಿಟ್ಟು ಬರಬೇಕಾದ್ದೇ. ಆದರೆ ಆ ಸಿಟ್ಟನ್ನು ಠಾಣೆಯ ಮುಂದೆ ಕೂತು ತೋರಿಸಿದ್ದಾರೆಯೇ? ತಹಶೀಲ್ದಾರರ ಮುಂದೆ? ಇಲ್ಲ. ತೋರಿಸಿದ್ದು ಹೆಸರು ಹೇಳಲಾರದ ಒಬ್ಬ ಹುಚ್ಚನ ಮೇಲೆ. ಆ ರಾತ್ರಿ 112ಕ್ಕೆ ಒಂದು ಫೋನೂ ಹೋಗಿಲ್ಲ. ವಿಡಿಯೋ ಮಾತ್ರ ಹನ್ನೊಂದು ಮೊಬೈಲಿಗೆ ಹೋಗಿದೆ.

ತೋಟಗಳಿಗೆ ಕರೆಂಟಿನ ತಂತಿ ಬಿಡುವವರಿಗೂ ಇಲ್ಲೇ ಒಂದು ಮಾತು. ನನ್ನ ಜಾಗ, ನನ್ನ ತಂತಿ, ಬಂದವನ ಕರ್ಮ ಅನ್ನುತ್ತೀರಿ. ಬಿಹಾರದಲ್ಲಿ ಒಬ್ಬಾತ ತನ್ನ ಪಾಯಖಾನೆಗೆ ನೆರೆಯವರು ಬರಬಾರದೆಂದು ಬರಿ ತಾಮ್ರದ ತಂತಿಗೆ ಕರೆಂಟು ಕೊಟ್ಟು ಬಿಗಿದಿದ್ದ. ತನ್ನ ಮನೆಯ ಪಾಯಖಾನೆಯ ಗೋಡೆ ಬಿದ್ದಿದ್ದ ನೆರೆಮನೆಯ ಹೆಣ್ಣುಮಗಳು ಅದನ್ನು ಮುಟ್ಟಿ ಸತ್ತಳು. ಚೆರುಬಿನ್ ಗ್ರೆಗರಿ ಮೊಕದ್ದಮೆ ಎಂದು ಅದಕ್ಕೆ ಹೆಸರು. 1963ರಲ್ಲಿ ಸುಪ್ರೀಂ ಕೋರ್ಟು ಆತನ ಶಿಕ್ಷೆಯನ್ನು ಎತ್ತಿಹಿಡಿಯಿತು. ಅಪ್ಪಣೆಯಿಲ್ಲದೆ ಒಳಗೆ ಬಂದ ಮಾತ್ರಕ್ಕೆ ಮನುಷ್ಯ ಕಾಯ್ದೆಯ ಹೊರಗೆ ಬೀಳುವುದಿಲ್ಲ, ಅವನಿಗೆ ಗುಪ್ತವಾಗಿ ಸಾವು ಒಡ್ಡಿಡುವ ಅಧಿಕಾರ ಮಾಲಕನಿಗಿಲ್ಲ ಎಂಬುದು ಅದರ ಸಾರ. ತಂತಿಗೆ ಕಳ್ಳ ಯಾರು, ಚೆಂಡು ತರಲು ಬಂದ ಹುಡುಗ ಯಾರು ಅಂತ ತಿಳಿಯುವುದಿಲ್ಲ. ನಮ್ಮ ಮಕ್ಕಳು ಆ ಬದುಗಳ ಮೇಲೆಯೇ ಶಾಲೆಗೆ ಬರುತ್ತಾರೆ.

ನಮ್ಮ ಕಡೆ ಇಂಥದ್ದು ಒಂದೇ ಅಂತ ತಿಳಿಯಬೇಡಿ. 2018ರ ಫೆಬ್ರವರಿಯಲ್ಲಿ ಕೇರಳದ ಅಟ್ಟಪ್ಪಾಡಿಯಲ್ಲಿ ಮಧು ಎಂಬ ಆದಿವಾಸಿಯನ್ನು ಅಕ್ಕಿ ಮುಂತಾದ ದಿನಸಿ ಕದ್ದನೆಂದು ಕಾಡಿನಿಂದ ಹಿಡಿದು ತಂದು, ಕೈ ಕಟ್ಟಿ, ಹೊಡೆದು, ಫೋಟೋ ತೆಗೆದುಕೊಂಡರು. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಸತ್ತ. 2023ರ ಏಪ್ರಿಲ್‌ನಲ್ಲಿ ಮಣ್ಣಾರ್ಕಾಡಿನ ವಿಶೇಷ ನ್ಯಾಯಾಲಯ 14 ಜನರನ್ನು ಅಪರಾಧಿಗಳೆಂದಿತು, ಅವರಲ್ಲಿ 13 ಜನರಿಗೆ ಏಳು ವರ್ಷ. ಅದೇ 2018ರ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ ಮಕ್ಕಳ ಕಳ್ಳರೆಂದು ಐದು ಜನರನ್ನು ಬಡಿದು ಕೊಂದರಲ್ಲ, ಅವರು ನಾಥಪಂಥಿ ಡವರಿ ಗೋಸಾವಿಗಳು, ಭಿಕ್ಷೆ ಬೇಡಿ ತಿರುಗುವವರು. ಬಹುತೇಕ ನಮ್ಮ ಪಕ್ಕದ ಮಂಗಳವೇಢೆ ತಾಲೂಕಿನ ಕಡೆಯವರು! ಹನ್ನೆರಡು ದಿನಕ್ಕೆ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ನೆವವಾಗಿ, ಹೈದರಾಬಾದಿನ ಒಬ್ಬ ಇಂಜಿನಿಯರ್ ಸತ್ತ. ಎಲ್ಲ ಕಡೆಯೂ ಜನ ತಮ್ಮ ಮನೆ ಮಕ್ಕಳನ್ನು ಕಾಯುತ್ತಿದ್ದೇವೆ ಎಂದೇ ನಂಬಿದ್ದರು.

ಯಾರು ಸಿಕ್ಕಿಬೀಳುತ್ತಾರೆ ನೋಡಿ. ಪಾರಧಿ, ಗೋಸಾವಿ, ಆದಿವಾಸಿ, ಪರಊರಿನವ, ಹುಚ್ಚ. ಇಂಗ್ಲಿಷರು 1871ರಲ್ಲಿ ಇಡೀ ಜಾತಿಗಳನ್ನೇ ಹುಟ್ಟುಗಳ್ಳರೆಂದು ಬರೆದಿಟ್ಟ ಕಾಯ್ದೆ ತಂದರು. ಅಂಥವರನ್ನು ಕೂಡಿಹಾಕಿದ ಸೋಲಾಪುರದ ಆ ಭಾಗವನ್ನು ಇಂದಿಗೂ ಜನ ಸೆಟಲ್ಮೆಂಟ್ ಅನ್ನುತ್ತಾರೆ. ಕಾಯ್ದೆ 1952ರಲ್ಲಿ ರದ್ದಾಯಿತು. ನಮ್ಮ ಗಸ್ತಿಯ ಹುಡುಗರ ತಲೆಯಲ್ಲಿ ಮಾತ್ರ ರದ್ದಾಗಿಲ್ಲ.

ಮತ್ತು ಭಾಷೆ. ಇದು ನನ್ನನ್ನು ಹೆಚ್ಚು ಚುಚ್ಚಿದ್ದು. ಹೊಸ ಸಂಹಿತೆಯ 103ನೆಯ ಕಲಮಿನ ಎರಡನೆಯ ಭಾಗ ಹೇಳುತ್ತದೆ: ಐದು ಅಥವಾ ಹೆಚ್ಚು ಜನ ಕೂಡಿ ಜಾತಿ, ಸಮುದಾಯ, ಹುಟ್ಟಿದ ಸ್ಥಳ, ಭಾಷೆ ಮುಂತಾದ ಕಾರಣಕ್ಕೆ ಕೊಲೆ ಮಾಡಿದರೆ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ. ಭಾಷೆ ಎಂಬ ಶಬ್ದ ಅಲ್ಲಿದೆ. ಆ ರಾತ್ರಿ ಆ ಮನುಷ್ಯನ ಮೇಲಿದ್ದ ಒಂದೇ ಪುರಾವೆ ಏನು? ನಮ್ಮ ಭಾಷೆಯಲ್ಲಿ ಉತ್ತರ ಕೊಡಲಿಲ್ಲ ಎಂಬುದು. ಕಚೇರಿ, ಬ್ಯಾಂಕು, ದವಾಖಾನೆಯಲ್ಲಿ ತಡವರಿಸಿ ಸಂಶಯದ ಕಣ್ಣಿಗೆ ಬಿದ್ದ ಅನುಭವ ಯಾರಿಗಿದೆಯೋ ಆ ನಾವೇ, ಇನ್ನೊಬ್ಬ ತಡವರಿಸಿದ್ದಕ್ಕೆ ಅವನನ್ನು ಗಿಡಕ್ಕೆ ಕಟ್ಟಿದೆವು.

ಪಾಲಕರ ಸಭೆಯಲ್ಲಿ ಈ ಮಾತು ಎತ್ತಿದಾಗ ಹಿರಿಯರೊಬ್ಬರು ನಕ್ಕು, “ಆಕಳ ಕದ್ದವರ ಹಿಂದ ಕರುನೂ ಕಳಿಸಿದ ಬಸವಣ್ಣನ ಕಥಿ ಹೇಳಾವ್ರೇನ್ರಿ ಗುರೂಜಿ?” ಅಂದರು. ಇಲ್ಲ ಅಪ್ಪಾ, ನಾನು ಅಷ್ಟು ದೊಡ್ಡವನಲ್ಲ. ನನ್ನ ಆಕಳು ಕದ್ದರೆ ನಾನೂ ಬಡಿಗೆ ಹಿಡಿದು ಓಡುತ್ತೇನೆ. ಆದರೆ ದಿನಾ ಪ್ರಾರ್ಥನೆಯಲ್ಲಿ ಹೇಳಿಸುವ ಆ ವಚನದಲ್ಲಿ ಕಳವಿನ ಮಾತಿನ ಪಕ್ಕದಲ್ಲೇ ಕೊಲೆಯ ಮಾತೂ ಇದೆ. ಒಂದನ್ನು ಬಿಟ್ಟು ಒಂದನ್ನು ಹೇಗೆ ಹೇಳಿಸಲಿ?

ತಪ್ಪಿನಲ್ಲಿ ನನ್ನ ಪಾಲೂ ಇದೆ. ಇಷ್ಟು ವರ್ಷ ನಾಗರಿಕಶಾಸ್ತ್ರದ ತಾಸಿನಲ್ಲಿ ಸಂಸತ್ತಿನ ಸದಸ್ಯರ ಸಂಖ್ಯೆ ಬಾಯಿಪಾಠ ಮಾಡಿಸಿದೆ. ಮನೆಗೆ ಕಳ್ಳ ಬಂದರೆ ಏನು ಮಾಡಬಹುದು, ಏನು ಮಾಡಬಾರದು ಅಂತ ಒಂದು ದಿನವೂ ಹೇಳಲಿಲ್ಲ. ಆ ಪಾಠವನ್ನು ಮೊಬೈಲು ಹೇಳಿತು. ಈಗ ಆರು ಜನ ಹುಡುಗರ ಅಪ್ಪಂದಿರು ಕೋರ್ಟಿಗೆ ಅಲೆಯುತ್ತಿದ್ದಾರೆ. ಠಾಣೆಯಲ್ಲಿ ಮರಾಠಿಯಲ್ಲಿ ಬರೆದ ಕಾಗದಗಳಿಗೆ ಓದಲು ಬಾರದೇ ಸಹಿ ಹಾಕಿ ಬಂದಿದ್ದಾರೆ. ಅದೂ ಒಂದು ಪಾಠ. ನಾಳೆ ನಿಜವಾಗಿ ಮನೆ ಕಾಯಲು ಬಡಿಗೆ ಎತ್ತಿದವನೂ ಅದೇ ಠಾಣೆಯಲ್ಲಿ ಕೂರಬೇಕು. ಏನಾಯಿತು ಎಂಬುದನ್ನು ಮೊದಲ ದಿನವೇ, ತನ್ನ ಭಾಷೆಯಲ್ಲಿ, ಇದ್ದದ್ದು ಇದ್ದಂತೆ ಹೇಳಬೇಕು. ಬರೆದದ್ದನ್ನು ಓದಿಸಿ, ಅರ್ಥ ತಿಳಿದುಕೊಂಡೇ ಸಹಿ ಹಾಕಬೇಕು. ಆರೋಪಿ ಬಾಯಿಬಿಟ್ಟು ಕೇಳದಿದ್ದರೂ ಸಾಕ್ಷ್ಯದಲ್ಲಿ ರಕ್ಷಣೆಯ ಹಕ್ಕು ಕಂಡರೆ ಕೋರ್ಟು ಪರಿಗಣಿಸಬಹುದು ಎಂದು 1967ರಲ್ಲೇ ಮುನ್ಶಿ ರಾಮ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಅದಕ್ಕೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ.

ಬರುವ ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಹತ್ತಕ್ಕೆ ಪಾಲಕರ ಸಭೆ ಇದೆ. ಪೊಲೀಸ್ ಪಾಟೀಲರು ಬರುತ್ತೇನೆಂದಿದ್ದಾರೆ. ಕನ್ನಡ ಬಲ್ಲ ಒಬ್ಬ ವಕೀಲರನ್ನೂ ಕರೆದಿದ್ದೇನೆ. 34ರಿಂದ 44ರ ತನಕದ ಕಲಂಗಳನ್ನು ಕನ್ನಡದಲ್ಲಿ ಸರಳವಾಗಿ ಬರೆದು ಒಂಬತ್ತನೆಯ ವರ್ಗದ ಗೋಡೆಗೆ ಹಚ್ಚಿದ್ದೇವೆ, ಬರೆದವನು ಟಾರ್ಚ್ ಹಿಡಿದ ಆ ಹುಡುಗನೇ. ಬೇರೆ ಶಾಲೆಯವರಿಗೂ ಪ್ರತಿ ಬೇಕಿದ್ದರೆ ಕಳಿಸುತ್ತೇನೆ. ಹಗ್ಗ ಪೊಲೀಸರ ಹತ್ತಿರ ಇದೆ, ಮುದ್ದೆಮಾಲು. ಈ ವರ್ಷ ಕ್ರೀಡಾಕೂಟಕ್ಕೆ ಬೇರೆ ಹಗ್ಗ ಕೊಳ್ಳಬೇಕು.